ಸಂಘದ ಸಾಲದ ಕಲೆಕ್ಷನ್ ಕೆಲಸ: ಬಿಡಬೇಕು ಅಂತ ದಿನಾ ಅನ್ನಿಸುತ್ತದೆ, ಬಿಡಲಾ ಇರಲಾ?

ಜೇವರ್ಗಿ ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಕಲಬುರಗಿ ಜಿಲ್ಲೆಯಲ್ಲೇ ಒಂದು ಮೈಕ್ರೋಫೈನಾನ್ಸ್ ಕಂಪನಿಯಲ್ಲಿ ಫೀಲ್ಡ್ ಆಫೀಸರ್. ಕಂಪನಿ ಹೆಸರು ಬೇಡ. ಊರು ಜೇವರ್ಗಿ ಹತ್ತಿರ, ಪೋಸ್ಟಿಂಗ್ ಆಳಂದ ತಾಲೂಕಿನಲ್ಲಿ. ಸ್ವಂತ ತಾಲೂಕು ಕೊಡುವುದಿಲ್ಲ. ಬ್ರಾಂಚಿನ ಹಿಂದಿನ ರೂಮಿನಲ್ಲೇ ನಾವು ನಾಲ್ಕು ಜನ ಹುಡುಗರು ಮಲಗುತ್ತೇವೆ. ಕೈಗೆ ಬರುವುದು 17 ಸಾವಿರದ ಆಸುಪಾಸು, ಪೆಟ್ರೋಲ್ ಬೇರೆ. ಬಿ.ಕಾಂ ಮುಗಿಸಿ ಸೇರಿದ್ದು, ಬರುವ ಬೇಸಿಗೆಗೆ ಐದು ವರ್ಷ ತುಂಬುತ್ತದೆ.

ಬೆಳಗ್ಗೆ ಬೇಗ ಬೈಕ್ ತೆಗೆದರೆ ಒಂದಾದ ಮೇಲೆ ಒಂದು ಊರು, ಒಂದಾದ ಮೇಲೆ ಒಂದು ಸೆಂಟರ್ ಮೀಟಿಂಗ್. ಹೆಣ್ಣುಮಕ್ಕಳು ಸಾಲಾಗಿ ಕೂತಿರುತ್ತಾರೆ, ಕಂತು ಎಣಿಸಿ ಟ್ಯಾಬ್‌ನಲ್ಲಿ ಹಾಕಿಕೊಂಡು ಮುಂದಿನ ಊರು. ಬಿಸಿಲು, ಧೂಳು, ಕಪ್ಪು ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಬೈಕ್ ಜಾರುವುದು, ಇದೆಲ್ಲಾ ನನಗೆ ಕಷ್ಟ ಅನ್ನಿಸಿಲ್ಲ. ಇಲ್ಲೇ ಹುಟ್ಟಿ ಬೆಳೆದವನು, ಬಿಸಿಲಿಗೆ ಹೆದರಿದರೆ ಆಗುತ್ತಾ.

ಕಷ್ಟ ಇರೋದು ಕಂತು ಬರದೇ ಇದ್ದಾಗ. ನಮ್ಮ ಕಡೆ ತೊಗರಿ ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ಅದಕ್ಕೂ ಮುಂಚೆ ಹೆಸರು, ಉದ್ದು ಕೈಗೆ ಬಂದರೆ ಬಂತು, ಮಳೆ ಹೊಡೆದರೆ ಅದೂ ಇಲ್ಲ. ಕಂತು ಮಾತ್ರ ವಾರ ವಾರ ಕಟ್ಟಬೇಕು. 2025ರ ಮಳೆಗೆ ಹೊಲದಲ್ಲೇ ನೀರು ನಿಂತಿತ್ತು, ಭೀಮಾ ತೀರದ ಊರುಗಳಿಗೇ ನೀರು ನುಗ್ಗಿತ್ತು. ಆಗಲೂ ಟಾರ್ಗೆಟ್ ಒಂದು ರೂಪಾಯಿ ಕಡಿಮೆ ಆಗಲಿಲ್ಲ. ದೀಪಾವಳಿ ಆದ ಮೇಲೆ ಎಷ್ಟೋ ಮನೆಯವರು ಪುಣೆ, ಮುಂಬೈ ಅಂತ ಗುಳೆ ಹೋಗುತ್ತಾರೆ. ಮನೆಗೆ ಬೀಗ. ಆ ಕಂತು ಯಾರ ತಲೆ ಮೇಲೆ? ನನ್ನ ತಲೆ ಮೇಲೆ. "ಇವತ್ತು ನೀನು ಹಾಕು, ಅವರು ಬಂದಾಗ ತಗೋ" ಅಂತಾರೆ ಬಿಎಂ, ಅಂದರೆ ಬ್ರಾಂಚ್ ಮ್ಯಾನೇಜರ್. ಹಾಗೆ ಹಾಕಿದ್ದರಲ್ಲಿ ಸ್ವಲ್ಪ ವಾಪಸ್ ಬಂದಿದೆ, ಜಾಸ್ತಿ ಬಂದಿಲ್ಲ.

ರಾತ್ರಿ ಎಂಟಕ್ಕೆ ಏರಿಯಾ ಮ್ಯಾನೇಜರ್ ಕಾಲ್ ಇರುತ್ತದೆ. ಒಬ್ಬೊಬ್ಬರ ಹೆಸರು ಕೂಗಿ ಓವರ್‌ಡ್ಯೂ ಎಷ್ಟು ಅಂತ ಎಲ್ಲರ ಮುಂದೆ ಓದುತ್ತಾರೆ. ಹೆಸರು ಬಂದವನು ಮಾತ್ರ ಅನ್‌ಮ್ಯೂಟ್ ಮಾಡಬೇಕು, "ನಾಳೆ ತರುತ್ತೇನೆ ಸರ್" ಅನ್ನಬೇಕು, ಮತ್ತೆ ಮ್ಯೂಟ್. ಯಾಕೆ ಬಂದಿಲ್ಲ ಅಂತ ಹೇಳೋಕೆ ಬಾಯಿ ತೆಗೆದರೆ "ಕಥೆ ಬೇಡ, ನಂಬರ್ ಹೇಳು". ಊಟಕ್ಕೆ ಕೂತವರು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಿರುತ್ತೇವೆ. ಈಗೀಗ ಸುಮ್ನೆ ಫೋನ್ ರಿಂಗ್ ಆದರೂ ಎದೆ ಧಸಕ್ ಅನ್ನುತ್ತದೆ. ನಿದ್ದೆ ಸರಿ ಇಲ್ಲ.

ಮನೆಯಲ್ಲಿ ಹೇಳಿದರೆ ಅಪ್ಪ ಒಂದೇ ಮಾತು: ತಿಂಗಳಾದರೆ ಸಂಬಳ ಬರುವ ಕೆಲಸ ಯಾರಾದರೂ ಬಿಡುತ್ತಾರಾ. ತಂಗಿ ಮದುವೆ ಬೇರೆ ಇದೆ. ಬಿಟ್ಟರೆ ಈ ಕಡೆ ಬೇರೆ ಏನು ಕೆಲಸ ಸಿಗುತ್ತದೆ ಅನ್ನೋ ಭಯ ನನಗೂ ಇದೆ. ಏನು ಮಾಡಲಿ?

ತೊಗರಿ ಕಣಜ:

ಅಪ್ಪನ ಮಾತು ಕೇಳು ತಮ್ಮಾ. ಟೆನ್ಷನ್ ಯಾವ ಕೆಲಸದಲ್ಲಿ ಇಲ್ಲ? ಬೆಂಗಳೂರಿಗೆ ಹೋದರೆ 20 ಸಾವಿರ ಕೊಡುತ್ತಾರೆ, ರೂಮ್ ಬಾಡಿಗೆ, ಊಟಕ್ಕೇ ಮುಗಿಯುತ್ತದೆ. ಇಲ್ಲೇ ಇದ್ದುಕೊಂಡು ಸರ್ಕಾರಿ ಪರೀಕ್ಷೆಗೆ ಓದು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ಗ್ರೂಪ್ ಸಿ ಸ್ಥಳೀಯ ಹುದ್ದೆಗಳಲ್ಲಿ 80 ಪರ್ಸೆಂಟ್ ನಮ್ಮ ಭಾಗದವರಿಗೇ. ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟುಕೋ. ಕೈಯಲ್ಲಿ ಆರ್ಡರ್ ಬಂದ ದಿನ ಬಿಡು, ಅಲ್ಲಿ ತನಕ ಹಲ್ಲು ಕಚ್ಚಿಕೊಂಡು ಇರು.

ಸೇಡಂ ರೋಡ್:

ಪರೀಕ್ಷೆ ಬರೆಯಲಿ, ಆ ಮಾತು ಸರಿ ಇದೆ. ಆದರೆ "ಟೆನ್ಷನ್ ಯಾವ ಕೆಲಸದಲ್ಲಿ ಇಲ್ಲ" ಅನ್ನೋದನ್ನ ನಾನು ಒಪ್ಪುವುದಿಲ್ಲ. ನಾನು ಸಿಮೆಂಟ್ ಫ್ಯಾಕ್ಟರಿಯಲ್ಲಿ ಎಚ್‌ಆರ್ ಕೆಲಸ ಮಾಡಿದವನು, ಬಿಟ್ಟು ಹೋಗುವವರ ಜೊತೆ ಕೊನೆಗೆ ಕೂತು ಮಾತಾಡುವುದು ನನ್ನ ಕೆಲಸವೇ ಆಗಿತ್ತು. ಫಾರಂನಲ್ಲಿ ಎಲ್ಲರೂ "ವೈಯಕ್ತಿಕ ಕಾರಣ" ಅಂತ ಬರೆಯುತ್ತಾರೆ. ಫಾರಂ ಮಡಚಿಟ್ಟು ಚಹಾ ತರಿಸಿದರೆ ಆಗ ನಿಜ ಹೊರಗೆ ಬರುತ್ತದೆ. ಕಿಲ್ನ್, ಅಂದರೆ ಸಿಮೆಂಟ್ ಕುಲುಮೆ ಹತ್ತಿರ ಮೇ ತಿಂಗಳಲ್ಲಿ ನಿಂತು ಕೆಲಸ ಮಾಡುವವನು ಬಿಸಿ ಅಂತ ಬಿಟ್ಟಿದ್ದು ನಾನು ನೋಡಿದ್ದು ಬಹಳ ಕಡಿಮೆ. "ನನ್ನನ್ನು ಒಂದು ಮಾತು ಕೇಳದೆ ಶಿಫ್ಟ್ ಬದಲಾಯಿಸಿದರು", "ಅವನ ತಪ್ಪಿಗೆ ನನಗೆ ಮೆಮೊ ಕೊಟ್ಟರು", ಇಂಥವೇ ಜಾಸ್ತಿ.

ಇದನ್ನ ಓದಿದವರೂ ಹೇಳಿದ್ದಾರೆ. ರಾಬರ್ಟ್ ಕರಾಸೆಕ್ ಅನ್ನುವ ಸಂಶೋಧಕರು 1979ರಲ್ಲೇ ಬರೆದರು: ಕೆಲಸದ ಒತ್ತಡ ಒಂದೇ ಮನುಷ್ಯನನ್ನು ಹಾಳು ಮಾಡುವುದಿಲ್ಲ. ಒತ್ತಡ ಜಾಸ್ತಿ ಇದ್ದು, ಕೆಲಸ ಹೇಗೆ ಮಾಡಬೇಕು ಅನ್ನೋದರಲ್ಲಿ ಅವನ ಮಾತು ನಡೆಯದೇ ಇದ್ದಾಗ ಆರೋಗ್ಯ ಕೆಡುತ್ತದೆ. ಒತ್ತಡ ಇದ್ದರೂ ತೀರ್ಮಾನ ಕೈಯಲ್ಲಿದ್ದರೆ ಅದೇ ಮನುಷ್ಯ ಕಲಿಯುತ್ತಾನೆ, ಬೆಳೆಯುತ್ತಾನೆ. ನಿನ್ನ ಕೆಲಸ ನೋಡು. ಆ ಮನೆಯವರು ತೊಗರಿ ಮಾರಿದ ಮೇಲೆ ಕಟ್ಟುತ್ತಾರೆ ಅಂತ ನಿನಗೆ ಗೊತ್ತು. ಗೊತ್ತಿದ್ದೂ ಒಂದು ವಾರ ಮುಂದಕ್ಕೆ ಹಾಕುವ ಅಧಿಕಾರ ನಿನಗಿಲ್ಲ. ಬೈಸಿಕೊಳ್ಳುವುದು ಮಾತ್ರ ನೀನು. ಹಳ್ಳಿಯಲ್ಲಿ ಸಾಲಗಾರರ ಕೈಲಿ, ರಾತ್ರಿ ಮ್ಯಾನೇಜರ್ ಕೈಲಿ.

ಇನ್ನೊಂದು ವಿಷಯ. ಆರ್‌ಬಿಐ 2022ರ ಮಾರ್ಚ್‌ನಲ್ಲಿ ಮೈಕ್ರೋಫೈನಾನ್ಸ್ ಸಾಲಕ್ಕೆ ಅಂತಲೇ ನಿಯಮ ಮಾಡಿದೆ. ವಸೂಲಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಸಾಲಗಾರರಿಗೆ ಫೋನ್ ಮಾಡುವ ಹಾಗಿಲ್ಲ. ನಿಗದಿ ಮಾಡಿದ ಜಾಗಕ್ಕೆ ಎರಡು ಸಲ ಅಥವಾ ಜಾಸ್ತಿ ಸತತವಾಗಿ ಬರದೇ ಇದ್ದರೆ ಮಾತ್ರ ಮನೆಗೆ ಹೋಗಬಹುದು. ಬೆದರಿಸುವುದು, ಕೆಟ್ಟ ಮಾತು ಆಡುವುದು, ಮನೆಯವರಿಗೆ ಕಿರುಕುಳ ಕೊಡುವುದು ಎಲ್ಲಾ ನಿಷಿದ್ಧ. ರಾತ್ರಿ ಎಂಟರ ಕಾಲ್‌ನಲ್ಲಿ "ಈಗಲೇ ಹೋಗಿ ತಾ" ಅಂತ ಯಾರಾದರೂ ಹೇಳಿದರೆ ನಿಯಮ ಮುರಿಯುವುದು ಅವರು, ಬಾಗಿಲ ಮುಂದೆ ನಿಂತು ಸಿಕ್ಕಿಹಾಕಿಕೊಳ್ಳುವುದು ನೀನು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಅಂತ ಇತ್ತು. ಠಾಣೆಯಲ್ಲಿ ದೂರು ಕೊಡುವ ಹೆಣ್ಣುಮಗಳಿಗೆ ಹೆಡ್ ಆಫೀಸಿನವರ ಮುಖ ಗೊತ್ತಿರುವುದಿಲ್ಲ, ನಿನ್ನ ಮುಖ ಗೊತ್ತಿರುತ್ತದೆ. ಇದನ್ನ ತಲೆಯಲ್ಲಿ ಇಟ್ಟುಕೊಂಡು ತೀರ್ಮಾನ ಮಾಡು.

ರಾತ್ರಿ ಪಾಳಿ:

ನಾನು ಸ್ಟಾಫ್ ನರ್ಸ್. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇದ್ದೆ, ಈಗ ಬೀದರ್‌ನಲ್ಲಿ ಡಯಾಲಿಸಿಸ್ ಸೆಂಟರ್ ಒಂದರಲ್ಲಿ ಇದ್ದೇನೆ. ತಮ್ಮಾ, ನಿನ್ನ ಕೆಲಸ ಬೇರೆ ನನ್ನ ಕೆಲಸ ಬೇರೆ, ಆದರೆ ಫೋನ್ ರಿಂಗ್ ಆದರೆ ಎದೆ ಹೊಡೆದುಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು.

ನಮ್ಮಲ್ಲಿ ಆಗಿದ್ದು ಹೀಗೆ. ವಾರ್ಡಿನಲ್ಲಿ ಇದ್ದವರಲ್ಲಿ ಇಬ್ಬರು ಬಿಟ್ಟು ಹೋದರು. ಅವರ ಜಾಗಕ್ಕೆ ಹೊಸಬರನ್ನು ತಗೊಳ್ಳಲಿಲ್ಲ, ಅವರು ನೋಡುತ್ತಿದ್ದ ಬೆಡ್‌ಗಳನ್ನು ನಮಗೆ ಹಂಚಿದರು. ಸಂಬಳ ಅಷ್ಟೇ. ಹನ್ನೆರಡು ಗಂಟೆ ನೈಟ್ ಡ್ಯೂಟಿಯಲ್ಲಿ ಒಬ್ಬಳೇ ಡ್ರಿಪ್ ನೋಡಬೇಕು, ಇಂಜೆಕ್ಷನ್ ಕೊಡಬೇಕು, ಬಿಪಿ ಬರೆಯಬೇಕು, ಪೇಷಂಟ್ ಕಡೆಯವರು ಜಗಳಕ್ಕೆ ಬಂದರೆ ಅದಕ್ಕೂ ನಾನೇ ನಿಲ್ಲಬೇಕು. ಕೂರೋಕೆ ಒಂದು ಸ್ಟೂಲ್ ಇತ್ತು, ಅದನ್ನೂ ಪೇಷಂಟ್ ಕಡೆಯವರೇ ತಗೊಂಡು ಹೋಗಿರುತ್ತಿದ್ದರು. ಆಮೇಲೆ ಮೂರನೆಯವಳು ಬಿಟ್ಟಳು, ನಾಲ್ಕನೆಯವಳು ಬಿಟ್ಟಳು. ಒಬ್ಬರು ಹೋದರೆ ಉಳಿದವರ ಮೇಲೆ ಭಾರ, ಆ ಭಾರಕ್ಕೆ ಇನ್ನೊಬ್ಬರು ಹೋಗುವುದು. ಮ್ಯಾನೇಜ್‌ಮೆಂಟಿನವರು ಇದನ್ನ "ಈಗಿನ ಹುಡುಗಿಯರಿಗೆ ತಾಳ್ಮೆ ಇಲ್ಲ" ಅಂತ ಹೇಳಿ ಮುಗಿಸುತ್ತಿದ್ದರು. ಆ ಮಾತು ಈಗಲೂ ಸಿಟ್ಟು ಬರಿಸುತ್ತದೆ.

ನಾನು ಮಾತ್ರ ಬಿಡುತ್ತೇನೆ ಬಿಡುತ್ತೇನೆ ಅಂತ ಬಾಯಲ್ಲಿ ಹೇಳಿಕೊಂಡೇ ಬಹಳ ದಿನ ಇದ್ದೆ. ಬಿಟ್ಟಿದ್ದು ಯಾವಾಗ ಅಂದರೆ, ಅಕ್ಕನ ಮದುವೆಗೆ ಮೊದಲೇ ಕೇಳಿ ಒಪ್ಪಿಸಿಕೊಂಡಿದ್ದ ರಜೆಯನ್ನು ಹಿಂದಿನ ದಿನ ಕ್ಯಾನ್ಸಲ್ ಮಾಡಿದಾಗ. ಹೇಳಲೂ ಇಲ್ಲ. ಗೋಡೆ ಮೇಲಿನ ಡ್ಯೂಟಿ ಲಿಸ್ಟ್‌ನಲ್ಲಿ ನನ್ನ ಹೆಸರಿನ ಮುಂದಿದ್ದ ರಜೆ ಹೊಡೆದುಹಾಕಿ ಪೆನ್ನಲ್ಲಿ ನೈಟ್ ಅಂತ ಬರೆದಿದ್ದರು. ಅದನ್ನ ನೋಡಿದ ಮೇಲೆ ಯೋಚನೆ ಮಾಡುವುದು ಏನೂ ಉಳಿಯಲಿಲ್ಲ. ಮದುವೆಗೆ ಹೋದೆ, ಬಂದು ರಾಜೀನಾಮೆ ಕೊಟ್ಟೆ. ಅವರ ಹತ್ತಿರ ಇದ್ದ ಒರಿಜಿನಲ್ ಸರ್ಟಿಫಿಕೇಟ್ ವಾಪಸ್ ತಗೊಳ್ಳೋಕೆ ಅಲೆದಾಡಿದ್ದು ಬೇರೆ ಕಥೆ. ನಿನ್ನ ಮಾರ್ಕ್ಸ್ ಕಾರ್ಡ್ ಕಂಪನಿ ಹತ್ತಿರ ಇದೆಯಾ? ಇದ್ದರೆ ಮೊದಲು ಏನಾದರೂ ಮಾಡಿ ಅದನ್ನ ವಾಪಸ್ ತಗೋ.

ಸೇಡಂ ರೋಡ್:

ಮೇಡಂ ಹೇಳಿದ್ದನ್ನ ಗಮನಿಸು. ಅವರು ಭಾರಕ್ಕೆ ಬಿಡಲಿಲ್ಲ, ಆ ಪೆನ್ನಿನ ಗೆರೆಗೆ ಬಿಟ್ಟರು. ಥಾಮಸ್ ಲೀ, ಟೆರೆನ್ಸ್ ಮಿಚೆಲ್ ಅಂತ ಇಬ್ಬರು ಸಂಶೋಧಕರು 1994ರಲ್ಲಿ ಇದನ್ನೇ ಹೇಳಿದ್ದರು: ಎಷ್ಟೋ ಜನ ಲೆಕ್ಕಾಚಾರ ಹಾಕಿ ಕೆಲಸ ಬಿಡುವುದಿಲ್ಲ, ಒಂದು ಘಟನೆ ಬಂದು ಜೋರಾಗಿ ಅಲ್ಲಾಡಿಸಿದಾಗ ಬಿಡುತ್ತಾರೆ. ಕಂಪನಿಗಳಿಗೆ ಕಾಣುವುದು ಆ ಕೊನೆಯ ಘಟನೆ ಮಾತ್ರ. ಒಂದು ರಜೆಗೆ ಇಷ್ಟೊಂದು ಮಾಡಬೇಕಾ ಅಂತಾರೆ. ಅದರ ಹಿಂದಿನ ರಾತ್ರಿಗಳು ಅವರಿಗೆ ಕಾಣುವುದಿಲ್ಲ.

ಅದೇ ಮಿಚೆಲ್ ಮತ್ತು ಅವರ ಜೊತೆಯವರು 2001ರಲ್ಲಿ ಇನ್ನೊಂದು ಪ್ರಶ್ನೆ ಇಟ್ಟುಕೊಂಡರು. ಜನ ಯಾಕೆ ಬಿಡುತ್ತಾರೆ ಅನ್ನೋದರ ಬದಲು ಯಾಕೆ ಉಳಿಯುತ್ತಾರೆ ಅಂತ. ಅವರು ಕಂಡದ್ದು, ಸಂಬಳ, ತೃಪ್ತಿ ಇವುಗಳ ಆಚೆಗೆ ನಂಟು, ಊರು, ಬಿಟ್ಟರೆ ಕಳೆದುಕೊಳ್ಳುವುದು ಎಷ್ಟು, ಇವೇ ಮನುಷ್ಯನನ್ನು ಕಟ್ಟಿಹಾಕುತ್ತವೆ. ನಮ್ಮ ಭಾಗದಲ್ಲಿ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ, ತಂಗಿ ಮದುವೆ, ಬೇರೆ ಕೆಲಸ ಇಲ್ಲ ಅನ್ನೋ ಭಯ. ಇದರಿಂದ ಎಷ್ಟೋ ಜನ ಮನಸ್ಸಿನಲ್ಲಿ ಕೆಲಸ ಬಿಟ್ಟಾಗಿದೆ, ಮೈ ಮಾತ್ರ ಬ್ರಾಂಚಿಗೆ ಹೋಗಿ ಬರುತ್ತಿರುತ್ತದೆ. ಇದು ಬಿಡುವುದಕ್ಕಿಂತ ಕೆಟ್ಟದ್ದು. "ಹಲ್ಲು ಕಚ್ಚಿಕೊಂಡು ಇರು" ಅನ್ನೋ ಸಲಹೆಗೆ ನಾನು ಹೆದರುವುದು ಇದಕ್ಕೇ.

ಭೀಮಾ ತೀರ:

ನಾನು ಅಫಜಲಪುರ ಕಡೆಯವಳು, ನಮ್ಮ ಸಂಘಕ್ಕೆ ಲೀಡರ್ ಇದ್ದೇನೆ. ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಸಾಲ ತಗೊಂಡವರ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಸರ್.

ನಮ್ಮ ಸೆಂಟರ್‌ಗೆ ಬರುವ ಹುಡುಗರು ಮೇಲಿಂದ ಮೇಲೆ ಬದಲಾಗುತ್ತಾರೆ. ಮೊದಲು ಒಬ್ಬರು ಇದ್ದರು, ಅವರು ಬಹಳ ದಿನ ಇದ್ದರು. ಯಾರ ಗಂಡ ಕುಡಿಯುತ್ತಾನೆ, ಯಾರ ಮನೆಯಲ್ಲಿ ಬಾಣಂತನ ಇದೆ, ಯಾರು ತೊಗರಿ ಯಾವಾಗ ಅಡತಿಗೆ ಹಾಕುತ್ತಾರೆ, ಎಲ್ಲಾ ಅವರಿಗೆ ಗೊತ್ತಿತ್ತು. "ಅಕ್ಕ, ಈ ವಾರ ಆಗಲ್ವಾ, ಸರಿ, ಬರುವ ವಾರ ಎರಡೂ ಸೇರಿಸಿ ಕಟ್ಟಿ" ಅಂತಿದ್ದರು. ನಾವೂ ಅವರ ಮುಖ ನೋಡಿ ಹೇಗಾದರೂ ಹೊಂದಿಸುತ್ತಿದ್ದೆವು. ಅವರು ಬಿಟ್ಟು ಹೋದ ಮೇಲೆ ಬಂದವರಿಗೆ ಯಾರೂ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಎಲ್ಲರೂ ಕಳ್ಳರ ಹಾಗೆ ಕಾಣುತ್ತಾರೆ. ಕಂತು ಕಟ್ಟದ ಒಬ್ಬಳ ಮನೆ ಬಾಗಿಲಲ್ಲಿ ಕೂತುಬಿಟ್ಟರು, ಓಣಿ ಜನ ಎಲ್ಲಾ ನೋಡಿದರು. ಆ ಮನೆಯವಳು ಮರುವಾರ ಮೀಟಿಂಗಿಗೇ ಬರಲಿಲ್ಲ, ನಾಚಿಕೆಗೆ. ಕಂಪನಿಗೆ ಬಂದ ಲಾಭ ಏನು? ಮೊದಲಿನ ಸರ್ ಇದ್ದಾಗ ಬರುತ್ತಿದ್ದ ದುಡ್ಡೂ ಬರಲಿಲ್ಲ.

ನೀವು ಒಳ್ಳೆ ಮನಸ್ಸಿನವರು ಅಂತ ಬರೆದಿದ್ದರಲ್ಲೇ ಗೊತ್ತಾಗುತ್ತದೆ. ಇದ್ದರೆ ನಮ್ಮಂಥವರಿಗೆ ಒಳ್ಳೇದು. ಆದರೆ ನಿದ್ದೆ ಕೆಡಿಸಿಕೊಂಡು ಇರಿ ಅಂತ ನಾನು ಹೇಳೋದಿಲ್ಲ, ನಿಮ್ಮನ್ನೂ ಒಬ್ಬ ತಾಯಿ ಹೆತ್ತಿದ್ದಾಳೆ.

ಜೇವರ್ಗಿ ಹುಡುಗ:

ಅಕ್ಕೋರೆ, ನಿಮ್ಮ ಮಾತು ಓದಿ ಕಣ್ಣಲ್ಲಿ ನೀರು ಬಂತು. ನನ್ನನ್ನೂ ಎರಡು ಸೆಂಟರ್‌ನಲ್ಲಿ "ನೀವೇ ಬನ್ನಿ ಸರ್" ಅಂತಾರೆ. ಅದೊಂದೇ ಇಲ್ಲಿ ತನಕ ಎಳೆದುಕೊಂಡು ಬಂದಿರೋದು.

ನರ್ಸ್ ಮೇಡಂ, ಸರ್ಟಿಫಿಕೇಟ್ ನನ್ನ ಹತ್ತಿರಾನೇ ಇದೆ. ಸೇಡಂ ರೋಡ್ ಸರ್, ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬೇಸಿಕ್ 12 ಸಾವಿರ ಇದೆ. ಅದಕ್ಕಾಗಿ ಕಾಯಬೇಕಾ? ಕೈಯಿಂದ ಹಾಕಿದ ದುಡ್ಡಿನ ಕಥೆ ಏನು?

ಸೇಡಂ ರೋಡ್:

ಲೆಕ್ಕ ಹಾಕೋಣ. ಗ್ರಾಚ್ಯುಟಿ ಅಂದರೆ ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸುವುದು. 12 ಸಾವಿರಕ್ಕೆ ಐದು ವರ್ಷದ್ದು ಸುಮಾರು 34,600 ರೂಪಾಯಿ. ಸಣ್ಣ ದುಡ್ಡಲ್ಲ. ಆದರೆ ಅದಕ್ಕಾಗಿ ಕಾಯುತ್ತಾ ತಿಂಗಳಿಗೆ ಮೂರು ಸಾವಿರ ಯಾರದ್ದೋ ಕಂತಿಗೆ ಕೈಯಿಂದ ಹಾಕುತ್ತಿದ್ದರೆ ನಿನಗೆ ಉಳಿಯುವುದು ಏನು? ಹಾಗಾಗಿ ಕಾಯುವುದಾದರೆ ಒಂದು ಷರತ್ತಿನ ಮೇಲೆ ಕಾಯಿ. ಇವತ್ತಿನಿಂದ ಕೈಯಿಂದ ಒಂದು ರೂಪಾಯಿ ಹಾಕಬೇಡ. ಇದು ಬರೀ ನಷ್ಟದ ಮಾತಲ್ಲ. ನೀನು ಹಾಕಿದ ದುಡ್ಡು ದಾಖಲೆಯಲ್ಲಿ ಸಾಲಗಾರರೇ ಕಟ್ಟಿದ ಹಾಗೆ ಇರುತ್ತದೆ. ನಾಳೆ ಅವರ ಹತ್ತಿರ ವಾಪಸ್ ತಗೊಂಡರೆ ರಸೀದಿ ಇಲ್ಲದೆ ದುಡ್ಡು ತಗೊಂಡ ಅಂತ ಆಡಿಟ್‌ನವರು ನಿನ್ನ ಮೇಲೇ ಬರೆಯಬಹುದು. ಬಿಎಂ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಇಲ್ಲಿ ತನಕ ಹಾಕಿದ್ದನ್ನ ತಾರೀಖು, ಸೆಂಟರ್ ಹೆಸರು ಸಮೇತ ಬರೆದು ಏರಿಯಾ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಮೇಲ್ ಹಾಕು. ಸಿಟ್ಟು ಬೇಡ, ದೂರಿನ ಹಾಗೆ ಬೇಡ, ಇಂತಿಂಥ ದಿನ ಹೀಗೆ ಆಗಿದೆ ಅಂತ ಅಷ್ಟೇ. ಆ ಮೇಲ್ ನಿನ್ನ ವೈಯಕ್ತಿಕ ಐಡಿಗೂ ಒಂದು ಕಾಪಿ.

ನಿದ್ದೆ ಬರದಿರುವುದನ್ನ ಹಗುರವಾಗಿ ತಗೋಬೇಡ. ನಿನ್ನ ಸಂಬಳ 21 ಸಾವಿರದ ಒಳಗೆ ಇದೆ, ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ ಆಗುತ್ತಿರಬೇಕು, ಸ್ಲಿಪ್ ನೋಡು. ಕಲಬುರಗಿಯಲ್ಲಿ ಸೇಡಂ ರಸ್ತೆಯಲ್ಲೇ ಇಎಸ್‌ಐಸಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಹೋಗಿ ಡಾಕ್ಟರ್‌ಗೆ ಇದನ್ನೆಲ್ಲಾ ಹೇಳು. ರಜೆ ಬೇಕು ಅಂತ ಅವರು ಬರೆದುಕೊಟ್ಟರೆ, ಇಎಸ್‌ಐಗೆ ವಂತಿಗೆ ಕಟ್ಟಿದ ದಿನಗಳು ಸರಿ ಇದ್ದರೆ, ಸರಾಸರಿ ಸಂಬಳದ 70 ಪರ್ಸೆಂಟ್ ಇಎಸ್‌ಐ ಕೊಡುತ್ತದೆ, ವರ್ಷಕ್ಕೆ 91 ದಿನದ ತನಕ. ಬಿಡುವುದೋ ಇರುವುದೋ ಅನ್ನೋ ತೀರ್ಮಾನವನ್ನ ನಿದ್ದೆಗೆಟ್ಟ ತಲೆಯಲ್ಲಿ ತಗೋಬೇಡ, ಮೊದಲು ಹತ್ತು ದಿನ ಮನೆಯಲ್ಲಿ ಮಲಗು. ರಾತ್ರಿ ಹೊತ್ತು ತೀರಾ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ರಾತ್ರಿ ಪಾಳಿ:

ಸರ್ ಹೇಳಿದ್ದರ ಜೊತೆ ಒಂದು ಮಾತು. ಪಿಎಫ್ ತೆಗೆಯಬೇಡ. ನಮ್ಮ ಜೊತೆಯವರು ಬಿಟ್ಟ ತಕ್ಷಣ ಎಲ್ಲಾ ತೆಗೆದು ಖರ್ಚು ಮಾಡಿದರು. ಅದೇ ಯುಎಎನ್‌ನಲ್ಲಿ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಹೊಸ ಕಂಪನಿಗೆ ವರ್ಗಾಯಿಸಿಕೋ. ಹತ್ತು ವರ್ಷ ಸರ್ವೀಸ್ ಆದರೆ ಪಿಂಚಣಿಗೆ ಅರ್ಹತೆ ಬರುತ್ತದೆ, ಮಧ್ಯದಲ್ಲಿ ಕಂಪನಿ ಬದಲಾದರೂ ಸೇರಿಸಿಯೇ ಎಣಿಸುತ್ತಾರೆ.

ಇನ್ನು ಕೆಲಸ ಸಿಗುವುದಿಲ್ಲ ಅನ್ನೋ ಭಯ. ಹಳ್ಳಿ ಹಳ್ಳಿಯಲ್ಲಿ ಹೆಣ್ಣುಮಕ್ಕಳು "ನೀವೇ ಬನ್ನಿ" ಅನ್ನುವ ಹಾಗೆ ಕೆಲಸ ಮಾಡಿದವನು ನೀನು. ಬೀಜ, ಗೊಬ್ಬರದ ಕಂಪನಿಗಳು, ಡೈರಿ, ಇನ್ಶೂರೆನ್ಸ್, ರೈತ ಉತ್ಪಾದಕ ಕಂಪನಿಗಳು, ಎಲ್ಲರಿಗೂ ಬೇಕಾಗಿರುವುದು ಊರೂರಲ್ಲಿ ಗುರುತು ಇರುವ ಹುಡುಗ. ಬಯೋಡೇಟಾದಲ್ಲಿ ಎಷ್ಟು ಊರು, ಎಷ್ಟು ಸಂಘ ನೋಡಿಕೊಂಡೆ ಅಂತ ಬರಿ. ಕೆಲಸದಲ್ಲಿ ಇರುವಾಗಲೇ ಹುಡುಕೋಕೆ ಶುರು ಮಾಡು.

ತೊಗರಿ ಕಣಜ:

ಕೈಯಿಂದ ದುಡ್ಡು ಹಾಕುವುದು ಇಷ್ಟು ದೂರ ಹೋಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ ತಮ್ಮಾ. ಅದು ನಿಲ್ಲಬೇಕು. ಅಪ್ಪನಿಗೆ ಬರೀ ಟೆನ್ಷನ್ ಅಂತ ಹೇಳಬೇಡ, ಸಂಬಳದಲ್ಲಿ ಎಷ್ಟು ಕಂಪನಿಗೇ ವಾಪಸ್ ಹೋಗಿದೆ ಅಂತ ಚೀಟಿಯಲ್ಲಿ ಬರೆದು ತೋರಿಸು. ರೈತರಿಗೆ ಆ ಲೆಕ್ಕ ಬೇಗ ಅರ್ಥ ಆಗುತ್ತದೆ.

ಜೇವರ್ಗಿ ಹುಡುಗ:

ಅಪ್ಪನ ಹತ್ತಿರ ಹಾಗೇ ಮಾತಾಡುತ್ತೇನೆ ಅಣ್ಣ. ಮೇಲ್ ಈಗ ಬರೆಯುತ್ತಿದ್ದೇನೆ. ಸೋಮವಾರ ಇಎಸ್‌ಐ ಆಸ್ಪತ್ರೆಗೆ ಹೋಗುತ್ತೇನೆ. ಕೊನೆಯದಾಗಿ ಒಂದು: ಆಮೇಲೆ ಬಿಟ್ಟರೆ ನೋಟಿಸ್ ಪೀರಿಯಡ್ ಪೂರ್ತಿ ಮಾಡಬೇಕಾ? ಬಿಟ್ಟವರ ಕೊನೆ ಸಂಬಳ ನಮ್ಮಲ್ಲಿ ತಿಂಗಳುಗಟ್ಟಲೆ ತಡೆದಿದ್ದಾರೆ.

ಸೇಡಂ ರೋಡ್:

ಆಫರ್ ಲೆಟರ್‌ನಲ್ಲಿ ಎಷ್ಟು ದಿನ ಅಂತ ಇದೆಯೋ ಅಷ್ಟು ಮಾಡು, ಅಥವಾ ಅದರ ಸಂಬಳ ಕಟ್ಟಿ ಬಾ. ಸುಮ್ನೆ ಬೈಕ್ ಕೀಲಿ ಇಟ್ಟು ನಾಪತ್ತೆ ಆಗಬೇಡ, ರಿಲೀವಿಂಗ್ ಲೆಟರ್ ಸಿಗುವುದಿಲ್ಲ. ಟ್ಯಾಬ್, ರಸೀದಿ ಪುಸ್ತಕ, ಐಡಿ ಕಾರ್ಡ್ ವಾಪಸ್ ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೋ. ಪ್ರತಿ ಸೆಂಟರ್‌ನ ಬಾಕಿ ಹೊಸ ಹುಡುಗನಿಗೆ ಬರವಣಿಗೆಯಲ್ಲಿ ಒಪ್ಪಿಸು. ಯಾರು ತೊಗರಿ ಮಾರಿದ ಮೇಲೆ ಕಟ್ಟುತ್ತಾರೆ ಅನ್ನೋದನ್ನೂ ಅವನಿಗೆ ಹೇಳು, ಆ ಅಕ್ಕನವರ ಓಣಿಯಲ್ಲಿ ಆದ ಹಾಗೆ ಇನ್ನೊಂದು ಕಡೆ ಆಗುವುದು ಬೇಡ.

ಸಂಬಳದ ವಿಷಯಕ್ಕೆ, 2025ರ ನವೆಂಬರ್ 21ರಿಂದ ಹೊಸ ವೇತನ ಸಂಹಿತೆ ಜಾರಿಗೆ ಬಂದಿದೆ. ರಾಜೀನಾಮೆ ಕೊಟ್ಟು ಹೊರಬಂದವರ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಅದರಲ್ಲಿದೆ. ಗ್ರಾಚ್ಯುಟಿಗೆ 30 ದಿನ. ತಡೆದರೆ ಮೊದಲು ಎಚ್‌ಆರ್‌ಗೆ ಮೇಲ್, ಉತ್ತರ ಬರದಿದ್ದರೆ ಕಲಬುರಗಿಯ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ. ಅರ್ಜಿ ಬರೆಯೋಕೆ ನನಗೆ ಇಲ್ಲೇ ಮೆಸೇಜ್ ಮಾಡು, ಬರೆದುಕೊಡುತ್ತೇನೆ.